ಸೈಲೆನ್ಸರ್ ಪೈಪಿನ ನಟ್ಟು ಅಲ್ಲಾಡುತ್ತಿಲ್ಲ, ಎರಡು ಭಾನುವಾರ ಹಾಳಾಯಿತು

ದುರ್ಗದ_ಹುಡುಗ (ಚಿತ್ರದುರ್ಗ)
ಎರಡು ಭಾನುವಾರ ಗಾಡಿ ಕೆಳಗೆ ಮಲಗಿ ಕಳೆದೆ. ನಟ್ಟು ಬರುತ್ತಿಲ್ಲ. ತುಕ್ಕು ಹಿಡಿದು ಕಲ್ಲಾಗಿದೆ. ತುಕ್ಕಿನ ಸ್ಪ್ರೇ ಒಂದು ಡಬ್ಬಿ ಖಾಲಿ. ಪಾನಾಕ್ಕೆ ಪೈಪ್ ಸಿಕ್ಕಿಸಿ ಕಾಲಿನಿಂದ ಒದ್ದೆ, ಈಗ ಪಾನಾನೇ ಜಾರುತ್ತಿದೆ. ಕಣ್ಣಿಗೆಲ್ಲ ತುಕ್ಕಿನ ಪುಡಿ. ಮನೆಯಲ್ಲಿ "ಗ್ಯಾರೇಜಿಗೆ ಬಿಡಿ" ಅಂತ ದಿನಾ ಮಂಗಳಾರತಿ. ದಾರಿ ಇದ್ದರೆ ಹೇಳಿ.

ಹಳೇ_ಪಾನಾ (ದಾವಣಗೆರೆ)
ನೆನೆಯಲು ಬಿಟ್ಟಿಲ್ಲ ನೀವು. ಸ್ಪ್ರೇ ಹೊಡೆದ ಐದು ನಿಮಿಷಕ್ಕೆ ಪಾನಾ ಹಾಕಿದರೆ ಯಾವ ನಟ್ಟೂ ಬರಲ್ಲ. ಸಂಜೆ ಡೀಸೆಲ್ ಬಿಡಿ, ಬೆಳಿಗ್ಗೆ ಬಿಡಿ, ಮತ್ತೆ ಸಂಜೆ ಬಿಡಿ. ಮೂರು ದಿನ. ನಡುವೆ ಸುತ್ತಿಗೆಯಿಂದ ನಟ್ಟಿನ ಮೇಲೆ ಟಕ್ ಟಕ್ ಅನ್ನಿಸಿ, ಆಗ ಎಣ್ಣೆ ಒಳಗೆ ಇಳಿಯುತ್ತದೆ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ಅದಿರಲಿ, ಯಾವ ಗಾಡಿ? ಯಾವ ನಟ್ಟು? ಹಿಂದಿನ ಡಬ್ಬಿಯದಾ, ಇಂಜಿನ್ನಿನ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಕೆಳಗಿನದಾ? ನಮ್ಮ ದುರ್ಗದಲ್ಲಿ ಮಳೆಗೇ ಬರ, ಇಷ್ಟು ತುಕ್ಕು ಎಲ್ಲಿಂದ ಬಂತು?

ದುರ್ಗದ_ಹುಡುಗ
ಮಾರುತಿ 800 ಸರ್, ಎಲ್ಲರಿಗೂ ಗೊತ್ತು ಅಂದುಕೊಂಡೆ. ಮ್ಯಾನಿಫೋಲ್ಡಿಗೆ ಮುಂದಿನ ಪೈಪು ಸೇರುವ ಜಾಗ. ನಡುವೆ ಹೊಗೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಸುಟ್ಟು ಪಟ ಪಟ ಸೌಂಡು. ಡೀಸೆಲ್ ನಾಲ್ಕು ದಿನ ಬಿಟ್ಟಿದ್ದೇನೆ ಹಳೇ ಪಾನಾ ಅಣ್ಣ, ಏನೂ ಆಗಲಿಲ್ಲ.

ಹಳೇ_ಪಾನಾ
ಹಾಗಾದರೆ ಡೀಸೆಲ್ ಸಾಲದು. ಪವರ್ ಸ್ಟೀರಿಂಗ್ ಆಯಿಲ್ ಅರ್ಧ, ಅಸಿಟೋನ್ ಅರ್ಧ. ಎರಡೂ ಬೆರೆತು ನಿಲ್ಲಲ್ಲ, ಪ್ರತಿ ಸಲ ಚೆನ್ನಾಗಿ ಕುಲುಕಿ ಹಾಕಬೇಕು. ಇನ್ನೂ ಎರಡು ದಿನ.

ಶೇಂಗಾ_ಗಾಣ (ಚಳ್ಳಕೆರೆ)
ನಾನು ಸೈಕಲ್ಲಿಗೆ ಕೊಬ್ಬರಿ ಎಣ್ಣೆ ಹಾಕಿ ತೆಗೆದಿದ್ದೆ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅಡುಗೆ ಎಣ್ಣೆ ಬೇಡ. ಎಣ್ಣೆ ಮಿಲ್ಲುಗಳ ಊರಿನವನು ನಾನು. ಬಿಸಿ ತಗುಲಿದರೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಂಚಿನ ಮೇಲೆ ಕೂರುವ ಜಿಡ್ಡು ನೋಡಿಲ್ಲವಾ? ಡಬ್ಲ್ಯೂಡಿ-40 ಸಾಕು.

ಜೋಗಿಮಟ್ಟಿ_ಗಾಳಿ
ಡಬ್ಲ್ಯೂಡಿ-40 ಹುಟ್ಟಿದ್ದೇ ನೀರು ಓಡಿಸಲು. ಹೆಸರಿನ ಅರ್ಥವೇ ಅದು, 1953ರ 40ನೇ ಪ್ರಯತ್ನ. ಕಚ್ಚಿಕೊಂಡ ನಟ್ಟಿಗೆ ಅದೇ ಕಂಪನಿಯದು ಬೇರೆ ಡಬ್ಬಿ ಬರುತ್ತದೆ.

ಶೇಂಗಾ_ಗಾಣ
ಹದಿನೈದು ವರ್ಷದಿಂದ ನಾನು ನೀಲಿ-ಹಳದಿ ಡಬ್ಬಿಯನ್ನೇ ಬಳಸುವುದು. ನನ್ನ ನಟ್ಟುಗಳು 1953ರ ಇತಿಹಾಸ ಓದಿಲ್ಲ, ಬರುತ್ತವೆ.

ಹರಿಹರ_ಲೇತ್
ಇಷ್ಟೊಂದು ಎಣ್ಣೆ ಚರ್ಚೆ ಯಾಕೆ? ನನ್ನ ಶೆಡ್ಡಿನಲ್ಲಿ ಮೂರು ಎಚ್‌ಪಿ ಕಂಪ್ರೆಸರ್, ಗಾಳಿಯ ಒತ್ತಡದಲ್ಲಿ ನಟ್ಟು ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್. ಡರ್ರ್ ಅಂದರೆ ಮುಗಿಯಿತು. ನಟ್ಟು ಕೂರುವ ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿದರೂ ಚಿಂತೆಯಿಲ್ಲ, ಪಕ್ಕದಲ್ಲೇ ಹಳೇ ಮೈಸೂರು ಕಿರ್ಲೋಸ್ಕರ್ ಲೇತ್ ಇದೆ, ನಮ್ಮೂರಲ್ಲೇ ತಯಾರಾಗಿದ್ದು. ಹೊಸ ಸ್ಟಡ್ ಕಡೆದುಕೊಳ್ಳುತ್ತೇನೆ. ಫೋಟೋ ಹಾಕಿದ್ದೇನೆ, ಹಸಿರು ಬಣ್ಣ ನಾನೇ ಹೊಡೆದಿದ್ದು.

ಶೇಂಗಾ_ಗಾಣ
ಲೇತ್ ಭರ್ಜರಿ! ಬೆಡ್ ಎಷ್ಟು ಅಡಿ?

ಹರಿಹರ_ಲೇತ್
ಆರು. ತುಂಡು ಹಿಡಿಯುವ ಚಕ್ ಕೂಡ ಹಳೆಯದೇ, ಇವತ್ತಿಗೂ ಓಲಾಟ ಇಲ್ಲ.

ದುರ್ಗದ_ಹುಡುಗ
ಅಣ್ಣಂದಿರಾ, ನನ್ನ ಬಳಿ ಲೇತ್ ಇಲ್ಲ. ಒಂದು ಪಾನಾ ಸೆಟ್, ಒಂದು ಜಾಕ್.

ಜೋಗಿಮಟ್ಟಿ_ಗಾಳಿ
ಬರೀ ಜಾಕ್ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಮಲಗಿದ್ದೀರಾ? ಪೈಪ್ ಹಾಕಿ ಒದೆಯುತ್ತಾ? ಮೊದಲು ಸ್ಟ್ಯಾಂಡ್ ತನ್ನಿ, ಆಮೇಲೆ ಮಾತು. ಕಣ್ಣಿಗೆ ಕನ್ನಡಕ ಕೂಡ.
ಇನ್ನೊಂದು, ಎಲ್ಲಾ ನಟ್ಟೂ ಹೀಗೇನಾ? ಒಂದಾದರೂ ಬಂತಾ? ಎಷ್ಟರ ಪಾನಾ ಹಾಕಿದಿರಿ?

ಹಳೇ_ಪಾನಾ
ಪಾನಾ ಎಷ್ಟರದಾದರೇನು, ನೆನೆಯಲಿಲ್ಲ ಅಂದರೆ ನೆನೆಯಲಿಲ್ಲ.

ದುರ್ಗದ_ಹುಡುಗ
ಸ್ಟ್ಯಾಂಡ್ ತಂದೆ. ಒಂದು ನಟ್ಟು ಮೊದಲನೇ ದಿನವೇ ಸುಲಭವಾಗಿ ಬಂತು, 13ರ ರಿಂಗ್ ಪಾನಾದಲ್ಲಿ. ಅದಕ್ಕೇ ಉಳಿದದ್ದಕ್ಕೂ 13 ಹಾಕಿದೆ. ಮೊದಲು ಸ್ವಲ್ಪ ಲೂಸ್ ಅನ್ನಿಸಿತು, ತುಕ್ಕು ತಿಂದಿರಬೇಕು ಅಂದುಕೊಂಡೆ. ಗಾಡಿ ಕೆಎ-20, ಮಲ್ಪೆ ಕಡೆಯವರಿಂದ ಹೋದ ವರ್ಷ ತೆಗೆದುಕೊಂಡಿದ್ದು. ಹೇಳಬೇಕಿತ್ತಾ?

ಜೋಗಿಮಟ್ಟಿ_ಗಾಳಿ
ಹೇಳಬೇಕಿತ್ತು ಮಹಾರಾಯರೇ! ಕಡಲ ಗಾಳಿಯ ಉಪ್ಪು ತಿಂದ ಗಾಡಿ ಅದು.
ಇನ್ನು ಪಾನಾ ವಿಷಯ. ಜಪಾನಿ ಡಿಸೈನಿನ ಗಾಡಿಗಳಲ್ಲಿ ಎಂಟು ಎಂಎಂ ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 12 ಎಂಎಂ ಪಾನಾ ಹಿಡಿಯುವ ತಲೆ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂಟರ ನಟ್ಟು ಕೇಳಿದರೆ 13ರ ತಲೆಯದೇ ಕೊಡುತ್ತಾರೆ. ಸುಲಭವಾಗಿ ಬಂದದ್ದು ಹಿಂದೆ ಯಾರೋ ಅಂಗಡಿಯಿಂದ ತಂದು ಹಾಕಿದ ನಟ್ಟು. ಉಳಿದವು ಕಂಪನಿಯವು, 12. ನೀವು 13 ಹಾಕಿ ಮೂಲೆ ಸವೆಸಿದ್ದೀರಿ. ಅದೂ ನಟ್ಟಿನ ಮೂಲೆಯನ್ನಷ್ಟೇ ಹಿಡಿಯುವ 12 ಮೂಲೆಯ ರಿಂಗಿನಲ್ಲಿ.

ದುರ್ಗದ_ಹುಡುಗ
ಈಗ ನೋಡಿ ಬಂದೆ. ನಿಜ. ನಟ್ಟು ಗೋಲಿಯ ಹಾಗಾಗಿದೆ. ಈಗ 12 ಕೂಡ ತಿರುಗಿಬಿಡುತ್ತದೆ.

ಹಳೇ_ಪಾನಾ
ಅದಕ್ಕೇ ಹೇಳಿದ್ದು, ಮೊದಲು ಚೆನ್ನಾಗಿ ನೆನೆಸಿದ್ದರೆ 13ರಲ್ಲೂ ಬರುತ್ತಿತ್ತು.

ಜೋಗಿಮಟ್ಟಿ_ಗಾಳಿ
ಇಲ್ಲ ಅಣ್ಣ, ಬರುತ್ತಿರಲಿಲ್ಲ.
ಹುಡುಗರೇ, ಹೀಗೆ ಮಾಡಿ. ಆರು ಮೂಲೆಯ ಸಾಕೆಟ್ ತನ್ನಿ, ಏಳು ಬೈ ಹದಿನಾರು ಇಂಚಿನದು. ಅದು 11.1 ಎಂಎಂ, ಸವೆದ 12ರ ಮೇಲೆ ಸುತ್ತಿಗೆಯಿಂದ ಬಡಿದರೆ ಕಚ್ಚಿಕೊಂಡು ಕೂರುತ್ತದೆ. ಅದಕ್ಕೂ ಮೊದಲು ಎಣ್ಣೆ, ಅಸಿಟೋನ್ ಎಲ್ಲಾ ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಗ್ಯಾಸ್ ಟಾರ್ಚಿನಲ್ಲಿ ನಟ್ಟನ್ನು ಮಾತ್ರ ಕಾಯಿಸಿ, ಸ್ಟಡ್ಡನ್ನಲ್ಲ. ನಟ್ಟು ಹಿಗ್ಗಿದಾಗ ನಡುವಿನ ತುಕ್ಕಿನ ಪದರ ಒಡೆಯುತ್ತದೆ. ಬಿಸಿ ಇರುವಾಗಲೇ ಥ್ರೆಡ್ಡಿಗೆ ಮೇಣದಬತ್ತಿ ತಾಗಿಸಿ, ಕರಗಿ ಒಳಗೆ ಹೋಗುತ್ತದೆ. ತಿರುಗಿಸುವಾಗ ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ಬಿಗಿ ಮಾಡಿ, ಮತ್ತೆ ಬಿಚ್ಚಿ. ಒಂದೇ ಸಮನೆ ಎಳೆದರೆ ಸ್ಟಡ್ ಮುರಿಯುತ್ತದೆ.
ಪೆಟ್ರೋಲ್ ಪೈಪು ಎಲ್ಲಿ ಹೋಗುತ್ತದೆ ನೋಡಿಕೊಂಡೇ ಬೆಂಕಿ ಹಚ್ಚಿ. ಪಕ್ಕದಲ್ಲಿ ಒಂದು ಬಕೆಟ್ ಮರಳು. ಬ್ರೇಕ್ ಕ್ಲೀನರಿನಿಂದ ತೊಳೆದು ಕಾಯಿಸಬೇಡಿ, ಕ್ಲೋರಿನ್ ಇರುವ ಕ್ಲೀನರ್ ಕಾದರೆ ವಿಷದ ಗಾಳಿ.

ಬೆಣ್ಣೆದೋಸೆ_17 (ದಾವಣಗೆರೆ)
ನಡುವೆ ಬಂದೆ, ಕ್ಷಮಿಸಿ. ನನ್ನ ಸ್ಪ್ಲೆಂಡರ್ ಬೈಕಿನ ಸೈಲೆನ್ಸರ್ ನಟ್ಟಿಗೂ ಇದೇ ಮಾಡಬಹುದಾ?

ಹರಿಹರ_ಲೇತ್
ಬೆಂಕಿ ಎಲ್ಲಾ ಹಳೇ ಕಾಲ. ಭಾನುವಾರ ಗಾಡಿ ತನ್ನಿ, ಹೈವೇ ಹಿಡಿದರೆ ಎಷ್ಟು ಹೊತ್ತು? ಗನ್ ಹಿಡಿದು ತೋರಿಸುತ್ತೇನೆ.

ಜೋಗಿಮಟ್ಟಿ_ಗಾಳಿ
ಸವೆದ ನಟ್ಟಿನ ಮೇಲೆ ಗನ್ ಹಿಡಿದರೆ ಉಳಿದ ಮೂಲೆಯೂ ಹೋಗುತ್ತದೆ.

ಹರಿಹರ_ಲೇತ್
ನಿಮ್ಮ ಬಳಿ ಗನ್ ಇದೆಯಾ? ಇಲ್ಲ ಅಲ್ವಾ.

ದುರ್ಗದ_ಹುಡುಗ
ವಾರ ಬಿಟ್ಟು ಬರೆಯುತ್ತಿದ್ದೇನೆ. ಒಂದು ನಟ್ಟು ಬಂತು! ಎರಡು ಸಲ ಕಾಯಿಸಿ ಮೇಣ ಹಾಕಿದೆ, ಕೀಂಯ್ ಅಂತ ಕೂಗಿಕೊಂಡೇ ಬಂತು. ಸಾಕೆಟ್ ಒಳಗೆ ನಟ್ಟು ಸಿಕ್ಕಿಕೊಂಡಿದೆ, ಅದು ಬೇರೆ ಕಥೆ. ಕೊನೆಯದಕ್ಕೆ ಅವಸರ ಮಾಡಿದೆ, ಸ್ಟಡ್ ಕಟ್. ಆರು ಎಂಎಂ ತುಂಡು ಹೊರಗಿದೆ. ಮುರಿದ ಸ್ಟಡ್ ಕೊರೆದು ಕೀಳುವ ಈಜಿ-ಔಟ್ ತರಲಾ?

ಜೋಗಿಮಟ್ಟಿ_ಗಾಳಿ
ಬೇಡ. ಅದು ಗಟ್ಟಿ ಸ್ಟೀಲು, ಒಳಗೇ ಮುರಿದರೆ ಡ್ರಿಲ್ ಕೂಡ ಇಳಿಯಲ್ಲ. ತುಂಡು ಹೊರಗಿದೆಯಲ್ಲ, ಪುಣ್ಯ. ವೆಲ್ಡಿಂಗ್‌ನವರಿಗೆ ಹೇಳಿ ಅದರ ಮೇಲೆ ಒಂದು ನಟ್ಟು ಬೆಸೆಸಿ. ಬ್ಯಾಟರಿ ವೈರ್ ಮೊದಲು ಬಿಚ್ಚಿ. ವೆಲ್ಡಿಂಗ್ ಬಿಸಿಗೇ ಅರ್ಧ ಸಡಿಲವಾಗುತ್ತದೆ. ಹೊಸದು ಹಾಕುವಾಗ ಥ್ರೆಡ್ಡಿಗೆ ತಾಮ್ರದ ಗ್ರೀಸ್.

ಹಳೇ_ಪಾನಾ
ವೆಲ್ಡಿಂಗ್ ಮಾಡಿಸುವ ಮೊದಲು ಒಂದು ರಾತ್ರಿ ನೆನೆಸಿ ನೋಡಿ.

ದುರ್ಗದ_ಹುಡುಗ
ವೆಲ್ಡಿಂಗ್ ಆಯಿತು, ಬಂತು. ಹೊಸ ಗ್ಯಾಸ್ಕೆಟ್ ಕೂತಿದೆ. ಸೌಂಡು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಈಗ ಹಿಂದಿನ ಡಬ್ಬಿ ಕಡೆಯಿಂದ ಬರುತ್ತಿರುವ ಹಾಗಿದೆ. ಅಲ್ಲಿಯ ಬೋಲ್ಟು ನೋಡಿದೆ. ಇನ್ನೂ ಕೆಟ್ಟದಾಗಿದೆ.

ಶೇಂಗಾ_ಗಾಣ
ಹರಿಹರದವರೇ, ಆ ಲೇತ್ ಎಷ್ಟಕ್ಕೆ ಸಿಕ್ಕಿತು?

ಬೆಣ್ಣೆದೋಸೆ_17
ಸ್ಪ್ಲೆಂಡರ್ ಪ್ರಶ್ನೆ ಕೇಳಿದ್ದೆ, ಯಾರೂ ನೋಡಲಿಲ್ಲ ಅನ್ನಿಸುತ್ತದೆ.

ಜೋಗಿಮಟ್ಟಿ_ಗಾಳಿ
ಅದು ಅಲ್ಯುಮಿನಿಯಂ ಹೆಡ್, ಸಣ್ಣ ಸ್ಟಡ್. ಅವಸರ ಮಾಡಿದರೆ ಥ್ರೆಡ್ಡೇ ಕಿತ್ತು ಬರುತ್ತದೆ. ಪಾನಾ ಎಷ್ಟರದು ಹಾಕಿದ್ದೀರಿ, ಮೊದಲು ಅದು ಹೇಳಿ.