ಅಪ್‌ಡೇಟ್: ಬ್ರಹ್ಮಕಮಲದ ಟೈಮ್‌ಲ್ಯಾಪ್ಸ್‌ನಲ್ಲಿ ಮಿಣುಕಾಟ ನಿಂತಿತು

ಮನೆಯ ಬ್ರಹ್ಮಕಮಲ ಅರಳುವುದನ್ನು ಫೋನಿನಲ್ಲಿ ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತೆಗೆದ ಫೋಟೊಗಳನ್ನು ಜೋಡಿಸಿದ ವೇಗದ ವಿಡಿಯೊ) ಮಾಡಿದರೆ ಬೆಳಕು ಮಿಣುಕುತ್ತದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಮೊನ್ನೆ ಇನ್ನೊಂದು ಮೊಗ್ಗು ಅರಳಿತು. ಈ ಸಲ ವಿಡಿಯೊ ತುಂಬಾ ಚೆನ್ನಾಗಿ ಬಂತು!

ಕೆಲಸ ಮಾಡಿದ್ದು ಪ್ರೋ ಮೋಡ್ (ಕ್ಯಾಮೆರಾ ಸೆಟ್ಟಿಂಗ್ ನಾವೇ ಹೊಂದಿಸುವ ಮೋಡ್) ಬಳಸಿ ಅನ್ನುವ ಸಲಹೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು), ಶಟರ್ (ಬೆಳಕು ಒಳಬರುವ ಸಮಯ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ನಾಲ್ಕನ್ನೂ ಲಾಕ್ ಮಾಡಿ, ಪಕ್ಕದಲ್ಲಿ ಒಂದು ಎಲ್‌ಇಡಿ ದೀಪ ಹಾಕಿಟ್ಟೆ. ಹೂವು ಬಿಚ್ಚಿಕೊಂಡಂತೆ ಬಿಳಿ ಜಾಸ್ತಿಯಾಗುತ್ತದೆ ಅಲ್ವಾ, ಆಟೊ ಮೋಡ್ ಬೆಳಕನ್ನು ಮತ್ತೆ ಮತ್ತೆ ಬದಲಿಸುತ್ತಾ ಹೋಗುತ್ತದೆ. ಇದನ್ನು ಬಿಡಿಸಿ ಹೇಳಿದವರಿಗೆ ಮನಸಾರೆ ಥ್ಯಾಂಕ್ಸ್. ಪೂರ್ತಿ ಅರಳಿದ ಹೂವಿನ ಬಿಳಿಯನ್ನು ಲೆಕ್ಕಕ್ಕಿಟ್ಟುಕೊಂಡು, ಶುರುವಿನಲ್ಲಿ ಚಿತ್ರವನ್ನು ಸ್ವಲ್ಪ ಕತ್ತಲೆಯಾಗಿಯೇ ಇಡಿ. 20 ಸೆಕೆಂಡಿಗೊಂದು ಫೋಟೊ ಅಂದರೆ 4 ಗಂಟೆಗೆ 720. ಸೆಕೆಂಡಿಗೆ 24 ಫ್ರೇಮ್ ಇಟ್ಟರೆ 30 ಸೆಕೆಂಡಿನ ವಿಡಿಯೊ.

ಫ್ಲ್ಯಾಶ್ ಸರಿಹೋಗಲಿಲ್ಲ. ಎಸಳಿನ ಗೆರೆಗಳೆಲ್ಲ ಬಿಳಿಚಿಕೊಂಡವು.

ಒಂದು ವಿಷಯ ಗೊತ್ತೇ ಇರಲಿಲ್ಲ: ಮನೆಯಲ್ಲಿ ಬೆಳೆಸುವ ಈ ಬ್ರಹ್ಮಕಮಲ ಕಳ್ಳಿ ಜಾತಿಯ ಗಿಡ, ಮೂಲ ಮೆಕ್ಸಿಕೊ ಕಡೆಯದು. ಎಲೆಯಂತೆ ಕಾಣುವುದು ಚಪ್ಪಟೆ ಕಾಂಡ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ.

ತಂಗಿ ಈಗ ಆ ಫ್ರೇಮುಗಳನ್ನು ನೋಡಿಕೊಂಡು, ಮೊಗ್ಗಿನಿಂದ ಬಾಡುವವರೆಗೆ ಜಲವರ್ಣದಲ್ಲಿ ಬಿಡಿಸುತ್ತಿದ್ದಾಳೆ. ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ.