ಹಿಸ್ಟೋರಿಯನ್ ಟೂಲ್‌ಗೆ ವಿವರಣೆ: ಏಜೆಂಟ್‌ಗೆ ಎಷ್ಟು ಹೇಳಬೇಕು?

ಪೀಣ್ಯದವನು: ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಒಂದು ಚಿಕ್ಕ ಕಾರ್ಖಾನೆ. ಮೆಷಿನ್‌ಗಳ ಪ್ರೆಷರ್, ಟೆಂಪರೇಚರ್ ರೀಡಿಂಗ್ ಎಲ್ಲ ಹಿಸ್ಟೋರಿಯನ್‌ನಲ್ಲಿ (ರೀಡಿಂಗ್‌ಗಳನ್ನು ಸಮಯದ ಜೊತೆ ಕೂಡಿಡುವ ಡೇಟಾಬೇಸ್) ವರ್ಷಗಟ್ಟಲೆ ಸೇರಿಕೊಂಡಿದೆ. ಎಐ ಏಜೆಂಟ್ ಅದನ್ನು ಹುಡುಕಿ ತೆಗೆಯಲಿ ಅಂತ ಎಂಸಿಪಿಯಲ್ಲಿ (ಎಐ ಮಾಡೆಲ್‌ಗೆ ಹೊರಗಿನ ಟೂಲ್, ಡೇಟಾ ಜೋಡಿಸುವ ಪದ್ಧತಿ) ಒಂದು ಟೂಲ್ ಮಾಡಿದ್ದೇನೆ. ಟೂಲ್ ಹೇಗೆ ಬಳಸಬೇಕು ಅಂತ ಏಜೆಂಟ್ ಓದುವ ವಿವರಣೆಯಾಗಿ ಬರೆದದ್ದು ಒಂದೇ ಸಾಲು: ‘ಟ್ಯಾಗ್ ಹೆಸರು, ಶುರು, ಕೊನೆ ಕೊಟ್ಟರೆ ಹಳೆಯ ರೀಡಿಂಗ್ ಸಿಗುತ್ತದೆ.’ (ಟ್ಯಾಗ್ ಅಂದರೆ ಹಿಸ್ಟೋರಿಯನ್‌ನಲ್ಲಿ ಒಂದೊಂದು ಸೆನ್ಸರ್ ಅಥವಾ ಸಿಗ್ನಲ್‌ಗೆ ಇಟ್ಟ ಗುರುತು.)

ಹೋದ ವಾರ ರಾತ್ರಿ 2.10ಕ್ಕೆ ಕರೆಂಟ್ ಹೋಗಿ 3 ಗಂಟೆಗೆ ಬಂತು. ಬೆಳಿಗ್ಗೆ ‘ರಾತ್ರಿ ಕಂಪ್ರೆಸರ್ ಹೇಗಿತ್ತು?’ ಅಂತ ಕೇಳಿದೆ. ಎಲ್ಲೂ ನಿಂತಿಲ್ಲ, 2.35ಕ್ಕೆ 6.8 ಬಾರ್ ಇತ್ತು ಅಂತ ಉತ್ತರ ಬಂತು. ಆ ಹೊತ್ತಿಗೆ ಶೆಡ್ ಪೂರ್ತಿ ಕತ್ತಲೆ! ನೋಡಿದರೆ, ಕರೆಂಟ್ ಹೋಗುವಾಗ 7 ಇತ್ತು, ಬಂದಾಗ 6.6. ನಡುವೆ ಟೂಲ್ ಸುಮ್ನೆ ಗೆರೆ ಎಳೆದು ಕೊಟ್ಟಿದೆ. ಇದನ್ನೆಲ್ಲ ವಿವರಣೆಯಲ್ಲಿ ಬರೆಯಬೇಕಾ?

ಕೋರಮಂಗಲ ಕೋಡರ್: ಬೇಡ. ವಿವರಣೆಯ ಒಂದೊಂದು ಪದವೂ ಪ್ರತಿ ಸಲ ಮಾಡೆಲ್‌ಗೆ ಹೋಗುತ್ತದೆ. ಉದ್ದ ಆದಷ್ಟೂ ಮುಖ್ಯವಾದದ್ದು ಅದರೊಳಗೆ ಮುಚ್ಚಿಹೋಗುತ್ತದೆ. ಇಂಟರ್‌ಪೊಲೇಷನ್ (ಹೀಗೆ ನಡುವೆ ಅಂದಾಜು ರೀಡಿಂಗ್ ತುಂಬುವುದು) ತೆಗೆದು ನಿಜವಾಗಿ ದಾಖಲಾದ ರೀಡಿಂಗ್ ಮಾತ್ರ ಕೊಡಿ. ಮುಗಿಯಿತು.

ಹಳೇ ಇನ್‌ಸ್ಟ್ರುಮೆಂಟ್: ಅಲ್ಲಿಗೆ ಮುಗಿಯಲ್ಲ ಸಾರ್. ಹಿಸ್ಟೋರಿಯನ್ ಎಲ್ಲ ರೀಡಿಂಗ್ ಇಟ್ಟುಕೊಳ್ಳುವುದಿಲ್ಲ. ಜಾಗ ಉಳಿಸಲು ಕಂಪ್ರೆಷನ್ ಹಾಕಿದ್ದರೆ ರೀಡಿಂಗ್ ಸಾಕಷ್ಟು ಬದಲಾದಾಗ ಮಾತ್ರ ಬರೆದಿಡುತ್ತದೆ. ಒಂದು ಗಂಟೆ ಲೆಕ್ಕ ಹಾಕಿ. 50 ನಿಮಿಷ ಪ್ರೆಷರ್ 7ರಲ್ಲೇ ನಿಂತಿತ್ತು, ಅದಕ್ಕೆ ದಾಖಲಾದದ್ದು ಒಂದೇ ರೀಡಿಂಗ್. ಕೊನೆಯ 10 ನಿಮಿಷ ಏರಿಳಿತ, ಸರಾಸರಿ 4, ದಾಖಲಾದದ್ದು 9 ರೀಡಿಂಗ್. ಏಜೆಂಟ್ ಹತ್ತನ್ನೂ ಕೂಡಿ ಭಾಗಿಸಿದರೆ 4.3 ಬರುತ್ತದೆ. ಸಮಯದ ತೂಕ ಹಾಕಿದರೆ, ಅಂದರೆ ಎಷ್ಟು ಹೊತ್ತು ಇತ್ತೋ ಅಷ್ಟು ಲೆಕ್ಕಕ್ಕೆ ತೆಗೆದುಕೊಂಡರೆ, 6.5. ಸಿಕ್ಕಿದ್ದೆಲ್ಲ ನಿಜವಾದ ರೀಡಿಂಗೇ, ಆದರೂ ಉತ್ತರ ತಪ್ಪು. ‘ಸರಾಸರಿ ಬೇಕಿದ್ದರೆ ನೀನು ಲೆಕ್ಕ ಹಾಕಬೇಡ, ಟೂಲ್‌ನ ಸಮಯ-ತೂಕದ ಸರಾಸರಿ ಕೇಳು’ ಅಂತ ಬರೆದೇ ತೀರಬೇಕು.

ಕೋರಮಂಗಲ ಕೋಡರ್: ಈ ಲೆಕ್ಕ ಒಪ್ಪುತ್ತೇನೆ. ಉಳಿದದ್ದು ಟೂಲ್ ಕೊಡುವ ಉತ್ತರದಲ್ಲೇ ಬರಲಿ ಅನ್ನುವುದು ನನ್ನ ವಾದ. ‘2.10ರಿಂದ 3.00ರವರೆಗೆ ಡೇಟಾ ಇಲ್ಲ’ ಅಂತ ರೀಡಿಂಗ್ ಜೊತೆಗೇ ಬಂದರೆ ಏಜೆಂಟ್ ಅದನ್ನು ಓದಲೇಬೇಕು, ಅಲ್ವಾ? ವಿವರಣೆಯಲ್ಲಿ ಎಲ್ಲೋ ಮೇಲೆ ಬರೆದದ್ದಕ್ಕಿಂತ ಇದು ಗಟ್ಟಿ.

ಡೇಟಾ ಅಕ್ಕ: ಇಬ್ಬರ ಮಾತೂ ಸರಿ. ಆದರೆ ಪ್ರಶ್ನೆ ಕೇಳುವ ಮೊದಲೇ ಗೊತ್ತಿರಬೇಕಾದದ್ದು ಉತ್ತರದಲ್ಲಿ ಬಂದರೆ ಏನು ಪ್ರಯೋಜನ? ನಮ್ಮಲ್ಲಿ ಆದದ್ದು ಹೇಳುತ್ತೇನೆ. ‘ಮೊದಲ ಶಿಫ್ಟ್ ತೋರಿಸು’ ಅಂದೆವು. ಶಿಫ್ಟ್ ಬೆಳಿಗ್ಗೆ 6ರಿಂದ 2. ಏಜೆಂಟ್ 6ರಿಂದ 14 ಅಂತಲೇ ಕಳಿಸಿತು, ಆದರೆ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ). ಬಂದದ್ದು ಬೆಳಿಗ್ಗೆ 11.30ರಿಂದ ಸಂಜೆ 7.30ರ ಡೇಟಾ. ಗ್ರಾಫ್ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಯಾರಿಗೂ ಅನುಮಾನ ಬರಲ್ಲ. ನಮ್ಮ ಮೆಂಟೆನೆನ್ಸ್ ಹುಡುಗರು ಎರಡು ದಿನ ಇಲ್ಲದ ದೋಷ ಹುಡುಕಿದರು. ಆ ಎರಡು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ, ಕ್ವಾಲಿಟಿ ನಂಬರ್, ಅಂದರೆ ರೀಡಿಂಗ್ ನಂಬಬಹುದಾ ಅಂತ ಹೇಳುವ ಸಂಖ್ಯೆ. ಹಳೆಯ ಒಪಿಸಿಯಲ್ಲಿ (ಮೆಷಿನ್ ಡೇಟಾ ಸಾಗಿಸುವ ಸ್ಟ್ಯಾಂಡರ್ಡ್) 192 ಅಂದರೆ ಗುಡ್, 0 ಅಂದರೆ ಬ್ಯಾಡ್. ಅದರ ಹೊಸ ರೂಪ ಒಪಿಸಿ ಯುಎಯಲ್ಲಿ 0 ಅಂದರೇ ಗುಡ್! ನಂಬರ್ ಹಾಗೇ ಕಳಿಸಬೇಡಿ, ಪದದಲ್ಲೇ ಕೊಡಿ.

ದಾಸರಹಳ್ಳಿ ಆಪರೇಟರ್: ನಾನು ಕೋಡ್ ಬರೆಯುವವನಲ್ಲ, ಹದಿನಾಲ್ಕು ವರ್ಷದಿಂದ ಪ್ಯಾನೆಲ್ ಮುಂದೆ ಕೂತವನು. ಶಿಫ್ಟ್‌ಗೆ ಹೊಸ ಹುಡುಗ ಬಂದರೆ ‘ಅಣ್ಣ, ಈ ವಾಲ್ವ್ ಅರ್ಧ ತೆರೆದಿದೆಯಾ?’ ಅಂತ ಕೇಳ್ತಾನೆ. ಇಲ್ಲಪ್ಪ, ಅದು ಒಂದೋ ಆನ್, ಇಲ್ಲವೇ ಆಫ್ ಅಂತೀನಿ. ಏಜೆಂಟ್ ನನ್ನನ್ನು ಬಂದು ಕೇಳಲ್ಲ. 0ಗೂ 1ಕ್ಕೂ ನಡುವೆ 0.5 ಸಿಕ್ಕರೆ ಅರ್ಧ ತೆರೆದಿದೆ ಅಂತ ರಿಪೋರ್ಟ್ ಬರೆದುಬಿಡುತ್ತದೆ. ದಯವಿಟ್ಟು ಟ್ಯಾಗ್ ಪಟ್ಟಿ ಬರೆಯುವಾಗ ನಮ್ಮನ್ನೂ ಕೂರಿಸಿಕೊಳ್ಳಿ. ಯಾವ ಗೇಜ್ ಪ್ರೆಷರನ್ನು ಬಾರ್‌ನಲ್ಲಿ ತೋರಿಸುತ್ತದೆ, ಯಾವುದು ಕೆಜಿಯಲ್ಲಿ, ಯಾವ ಸೆನ್ಸರ್ ಬದಲಾಯಿಸಿದೆವು, ಇದೆಲ್ಲ ನಮ್ಮ ತಲೆಯಲ್ಲಿದೆ, ಯಾವ ಫೈಲ್‌ನಲ್ಲೂ ಇಲ್ಲ.

ಕೋರಮಂಗಲ ಕೋಡರ್: ಅಣ್ಣ, ಇದು ನನಗೆ ಹೊಳೆದಿರಲಿಲ್ಲ. ಅದನ್ನು ವಿವರಣೆಗೆ ತುರುಕದೆ, ಟ್ಯಾಗ್ ಮಾಹಿತಿ ಹೇಳುವ ಬೇರೆ ಟೂಲ್ ಮಾಡಿದರೆ ಒಳ್ಳೆಯದು. ರೀಡಿಂಗ್ ಕೇಳುವ ಮೊದಲು ಏಜೆಂಟ್ ಅದನ್ನು ಕರೆಯಲಿ.

ಪೀಣ್ಯದವನು: ಎಲ್ಲರಿಗೂ ಥ್ಯಾಂಕ್ಸ್. ಈಗ ಹೀಗೆ ಬರೆದಿದ್ದೇನೆ: ‘ಮೊದಲು ಟ್ಯಾಗ್ ಮಾಹಿತಿ ಟೂಲ್ ಕರೆ. ಸಮಯವನ್ನು +05:30 ಸೇರಿಸಿ ಕೊಡು. ಸರಾಸರಿ ನೀನೇ ಲೆಕ್ಕ ಹಾಕಬೇಡ. ಡೇಟಾ ಇಲ್ಲದ ಹೊತ್ತಿನಲ್ಲಿ ಮೆಷಿನ್ ಓಡುತ್ತಿತ್ತು ಅಂತಲೂ ಹೇಳಬೇಡ, ನಿಂತಿತ್ತು ಅಂತಲೂ ಹೇಳಬೇಡ.’

ಹಳೇ ಇನ್‌ಸ್ಟ್ರುಮೆಂಟ್: ಒಂದು ಮಿತಿಯನ್ನೂ ಹಾಕಿ. ಸೆಕೆಂಡಿಗೊಂದು ರೀಡಿಂಗ್ ಬರುವ ಟ್ಯಾಗ್‌ನಲ್ಲಿ ದಿನಕ್ಕೆ 86,400 ಆಗುತ್ತದೆ. ಮಿತಿ ದಾಟಿದಾಗ ಸುಮ್ನೆ ಕತ್ತರಿಸಬೇಡಿ, ಕತ್ತರಿಸಿದ್ದೇವೆ ಅಂತ ಹೇಳಿ.

ದಾಸರಹಳ್ಳಿ ಆಪರೇಟರ್: ಶನಿವಾರ ಎರಡನೇ ಶಿಫ್ಟ್ ಆದಮೇಲೆ ನಾನು ಬಿಡುವಾಗಿರ್ತೀನಿ. ನಿಮ್ಮ ಟ್ಯಾಗ್ ಪಟ್ಟಿ ಪ್ರಿಂಟ್ ಮಾಡಿ ತನ್ನಿ, ಕೂತು ಒಂದೊಂದೇ ನೋಡೋಣ.