ಆರು ವರ್ಷದ ಮಗುವಿಗೆ ಫ್ಲೋರೈಡ್ ಗಮ್ ಕೊಡಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳಿಗೆ ಆರು ವರ್ಷ. ಎರಡು ಹಾಲು ಹಲ್ಲು ಹುಳುಕಾಗಿವೆ. ಡೆನ್ಮಾರ್ಕ್‌ನಿಂದ ಬಂದ ನಾದಿನಿ ಫ್ಲೋರೈಡ್ ಚ್ಯೂಯಿಂಗ್ ಗಮ್ ತಂದುಕೊಟ್ಟಿದ್ದಾಳೆ. ಒಂದರಲ್ಲಿ 0.25 ಮಿಲಿಗ್ರಾಂ ಫ್ಲೋರೈಡ್ ಅಂತ ಬರೆದಿದೆ. ನಮ್ಮದು ಪಾವಗಡ, ಮನೆಯಲ್ಲಿ ಬೋರ್‌ವೆಲ್ ನೀರು.

ಬಾಗೇಪಲ್ಲಿ ಕಡೆಯ ಒಬ್ಬ ತಾಯಿ: ಅಕ್ಕಾ, ಗಮ್ ಪೊಟ್ಟಣ ಬಿಚ್ಚುವ ಮೊದಲು ನೀರು ಪರೀಕ್ಷೆ ಮಾಡಿಸಿ. ಎಲ್ಲಿ ಮಾಡುತ್ತಾರೆ ಅಂತ ಪಂಚಾಯಿತಿಯಲ್ಲಿ ಕೇಳಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ನಮ್ಮ ಬೋರ್‌ವೆಲ್ಲಿನದು ಅದನ್ನೂ ಮೀರಿತ್ತು. ದೊಡ್ಡ ಮಗನ ಮುಂದಿನ ಹಲ್ಲು ನೋಡಿದರೆ ಸಂಕಟವಾಗುತ್ತದೆ. ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ಮಧ್ಯೆ ಅಡ್ಡಕ್ಕೆ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಫ್ಲೋರೈಡ್ ಜಾಸ್ತಿಯಾಗಿ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕೂತ ಕಲೆ ಅದು. ಏಳೆಂಟು ವರ್ಷದವರೆಗೂ ಒಳಗಿರುವ ಹಲ್ಲುಗಳ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಪದರ, ತಯಾರಾಗುತ್ತಲೇ ಇರುತ್ತದೆ. ಗಮ್ ಉಗಿದರೂ ಅದರ ಫ್ಲೋರೈಡ್ ಎಂಜಲಿನ ಜೊತೆ ಹೊಟ್ಟೆಗೇ ಹೋಗುತ್ತದೆ, ಅಲ್ವಾ? ನೀರಿನದರ ಜೊತೆ ಇದೂ ಯಾಕೆ?

ಇನ್ನೊಂದು ಮಾತು. ಕಾಯಿಸಿ ಆರಿಸಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ನಾವೀಗ ಆರ್‌ಒ ಘಟಕದ ಕ್ಯಾನ್ ನೀರು ತರುತ್ತೇವೆ. ಕುಡಿಯಲು ಮಾತ್ರ ಅಲ್ಲ, ಅನ್ನಕ್ಕೂ ಸಾರಿಗೂ ಅದೇ.

ಕೋಪನ್‌ಹೇಗನ್‌ನಲ್ಲಿರುವ ಕನ್ನಡಿಗರು: ಇಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವುದಿಲ್ಲ. ಹಾಗಾಗಿ ಇಲ್ಲಿನ ಲೆಕ್ಕವೇ ಬೇರೆ, ಅದನ್ನು ಪಾವಗಡಕ್ಕೆ ಹಚ್ಚಬೇಡಿ. ಗಮ್ ಅಗಿದಾಗ ಎಂಜಲು ಜಾಸ್ತಿ ಊರಿ ಬಾಯಿಯ ಹುಳಿ ತೊಳೆದುಹೋಗುತ್ತದೆ. ಆ ಲಾಭ ಸಕ್ಕರೆ ಹಾಕದ ಸಾದಾ ಗಮ್‌ನಿಂದಲೂ ಸಿಗುತ್ತದೆ. ಆದರೆ ಮಗು ನುಂಗದೆ ಉಗಿಯುವುದನ್ನು ಕಲಿತಿರಬೇಕು.

ಮೈಸೂರಿನ ದಂತವೈದ್ಯೆ: ಮೇಲಿನವರು ಸರಿಯಾಗಿ ಹೇಳಿದ್ದಾರೆ. ಹಾಗಂತ ಭಯಪಟ್ಟು ಫ್ಲೋರೈಡ್ ಪೇಸ್ಟ್ ನಿಲ್ಲಿಸಬೇಡಿ. ಬಟಾಣಿ ಕಾಳಿನಷ್ಟು ಸಾಕು, ದಿನಕ್ಕೆ ಎರಡು ಸಲ, ನೀವೇ ಎದುರು ನಿಂತು ಉಜ್ಜಿಸಿ ಉಗಿಸಿ. ಹುಳುಕಾದ ಹಲ್ಲುಗಳನ್ನು ‘ಹೇಗೂ ಬಿದ್ದುಹೋಗುತ್ತವೆ’ ಅಂತ ಸುಮ್ನೆ ಬಿಡಬೇಡಿ. ಹಿಂದಿನ ಹಾಲು ಹಲ್ಲುಗಳು ಹತ್ತು ಹನ್ನೊಂದು ವರ್ಷದವರೆಗೂ ಬೇಕು. ಆರನೇ ವಯಸ್ಸಿಗೆ ಅವುಗಳ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ತುಂಬಾ ಜನ ಅದನ್ನೂ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಹುಳುಕು ತುಂಬಿಸಲು ಹೋದಾಗ ಆ ಹೊಸ ದವಡೆ ಹಲ್ಲಿಗೆ ಸೀಲೆಂಟ್ (ಹಲ್ಲಿನ ಸಂದು ಮುಚ್ಚುವ ತೆಳು ಲೇಪ) ಹಾಕಿಸಬೇಕಾ ಅಂತಲೂ ಕೇಳಿ. ನೀರಿನ ವರದಿ ಬಂದಿದ್ದರೆ ಜೊತೆಗೇ ಒಯ್ಯಿರಿ.